ರಾಮಾಚಾರಿ, ಜಲೀಲ ಮತ್ತು ಒಂದು ಗಾಳ!

ತೆರೆಯ ಮೇಲೆ ಅವರಿಬ್ಬರೂ ಮೊದಲು ಎದುರಾದದ್ದು ಹೊಡೆದಾಟಕ್ಕೆ! 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ನೆನಪಿದೆಯಲ್ಲ? ಸಿಡಿಲಿನಂಥ ರಾಮಾಚಾರಿಯಾಗಿ ಮೈಸೂರಿನ ಹುಡುಗ ವಿಷ್ಣುವರ್ಧನ್. ಹುಡುಗಿಯರನ್ನು ಕಾಡಿಸುವ ಜಲೀಲನಾಗಿ ಮಂಡ್ಯ ಸೀಮೆಯ ದೊಡ್ಡರಸಿನಕೆರೆಯ ಹುಡುಗ ಅಂಬರೀಷ್. ತೆರೆಯ ಮೇಲೆ ಏಟು ಕೊಟ್ಟವನೂ ಏಟು ತಿಂದವನೂ ತೆರೆಯಾಚೆ ಕೈ ಹಿಡಿದರು. ಆ ಕೈ 37 ವರ್ಷ ಬಿಡಲಿಲ್ಲ. ‘ಸ್ನೇಹಿತರ ಸವಾಲ್’ ಬಂತು, 2001ರಲ್ಲಿ ‘ದಿಗ್ಗಜರು’ ಬಂತು. ಪ್ರಾಣಸ್ನೇಹಿತರನ್ನು ‘ಕುಚಿಕು’ ಎಂದು ಕರೆದಾಗ ನೆನಪಾಗೋದೂ ಆ ಚಿತ್ರವೇ!

ಈ ಜೋಡಿಯ ಕಥೆ ಚಿತ್ರರಸಿಕರಿಗೆಲ್ಲ ಗೊತ್ತು. ಆದರೆ ಅದೇ ಹೆಸರು ಹೊತ್ತ ಇನ್ನೊಂದು ಜೋಡಿ ಮೈಸೂರಿನಲ್ಲಿದೆ. ಅದರಲ್ಲಿ ಒಬ್ಬ ನಾನು!

‘ನಾಗರಹಾವು’ ನೋಡಿದಾಗ ನಮಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ಒಂದೇ ಬೀದಿ, ಒಂದೇ ಶಾಲೆ, ಒಂದೇ ಬೆಂಚು. ಗೆಳೆಯ ವಿಷ್ಣು ಪಕ್ಷ, ನಾನು ಅಂಬಿ ಪಕ್ಷ. ಅವನು ಕೈಗೆ ಕಡಗ ಹಾಕಿದ, ನಾನು ಕಾಲರ್ ಎತ್ತಿದೆ. ಅಂದಿನಿಂದ ಬೀದಿಯವರ ಬಾಯಲ್ಲಿ ಅವನು ರಾಮಾಚಾರಿ, ನಾನು ಜಲೀಲ. ನಮಗೀಗ ಎಪ್ಪತ್ತು. ಹೆಸರು ಮಾತ್ರ ಹಾಗೇ ಇದೆ!

ಕನ್ನಂಬಾಡಿಯ ಬೆನ್ನ ಹಿಂದೆ

ಪ್ರತಿ ವರ್ಷ ಫೆಬ್ರವರಿಯಲ್ಲಿ ಎರಡು ದಿನ ನಾವಿಬ್ಬರೂ ಮನೆಯವರಿಗೆ ಸಿಗೋದಿಲ್ಲ. ಹೆಗಲಿಗೆ ಬಿದಿರು ಗಾಳ, ಚೀಲದಲ್ಲಿ ರಾಗಿ ಹಿಟ್ಟು, ಒಂದು ಟ್ರಾನ್ಸಿಸ್ಟರು. ಇಲವಾಲದ ಮೇಲೆ ಹೋಗಿ ಮೀನಾಕ್ಷಿಪುರದ ಕಡೆ ತಿರುಗಿದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು. ಹೆಸರು ನೋಡಿ… ಮೀನಿನಂಥ ಕಣ್ಣಿನವಳ ಊರಿಗೆ ಮೀನು ಹಿಡಿಯೋಕೆ ಹೋಗೋದು!

ನಮ್ಮ ಸಿನಿಮಾದವರಿಗೆ ಕನ್ನಂಬಾಡಿ ಅಂದರೆ ಬೃಂದಾವನ. ಕಾರಂಜಿ, ಬಣ್ಣದ ದೀಪ, ಸುತ್ತ ಓಡುವ ನಾಯಕ-ನಾಯಕಿ. ಅದು ಕಟ್ಟೆಯ ಮುಂಭಾಗ. ಹಿಂಭಾಗವೇ ಬೇರೆ. 1911ರಲ್ಲಿ ಕೆಲಸ ಶುರುವಾಗಿ ಇಪ್ಪತ್ತು ವರ್ಷ ಕಟ್ಟಿದ ಕಟ್ಟೆ ಅದು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ಸೇರುತ್ತವೆ. ಹಳೇ ಕನ್ನಂಬಾಡಿ ಊರು, ವೇಣುಗೋಪಾಲಸ್ವಾಮಿ ದೇವಸ್ಥಾನ ಎಲ್ಲ ನೀರಿಗೆ ಹೋದವು. ದೇವಸ್ಥಾನದ ಕಲ್ಲುಗಳನ್ನು ಮತ್ತೆ ಎತ್ತಿ ದಡದಲ್ಲಿ ನಿಲ್ಲಿಸಿದ್ದು ಎಷ್ಟೋ ದಶಕಗಳ ಮೇಲೆ. ಕಟ್ಟೆ ತುಂಬಿದರೆ 124.80 ಅಡಿ. ಫೆಬ್ರವರಿ ಹೊತ್ತಿಗೆ ನೀರು ಇಳಿದು ದಡದಲ್ಲಿ ಹುಲ್ಲು ಚಿಗುರಿರುತ್ತೆ. ನಮಗೆ ಬೇಕಾದದ್ದು ಆ ಹುಲ್ಲು, ಆ ಗಾಳಿ, ಆ ಮೌನ.

ಬಲೆ ಹಾಕುವ ಊರಿನ ಮೀನುಗಾರರನ್ನು ಕೇಳಿಯೇ ನಾವು ಕೂರೋದು. ಅದು ಅವರ ಅನ್ನ, ನಮಗೆ ಬರೀ ಖುಷಿ. ಮಳೆಗಾಲದ ಹೊಸ ನೀರಿಗೆ ಮೀನು ಮೊಟ್ಟೆ ಇಡುವಾಗ ಗಾಳ ಮುಟ್ಟೋದಿಲ್ಲ.

54 ಕಿಲೋ ಮೀನು!

ಮೈಸೂರಿಗೂ ಗಾಳಕ್ಕೂ ಹಳೇ ನಂಟು ಸ್ವಾಮಿ! ಮಹಾರಾಜರು ಬೇಟೆಯಾಡಿದ ಹುಲಿ, ಚಿರತೆಗಳಿಗೆ ಜೀವ ಬಂದಂತೆ ಹದಮಾಡಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗನ್ ಮನೆತನ ಮೈಸೂರಿನದ್ದೇ. ಆ ಮನೆಯ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿ ಹೊಳೆಯಲ್ಲಿ ಗಾಳಕ್ಕೆ ಕೆಡವಿದ ಮಹಶೀರ್ ಮೀನಿನ ತೂಕ 120 ಪೌಂಡು, ಅಂದರೆ ಸುಮಾರು 54 ಕಿಲೋ! ಕಾವೇರಿ ದಡದವರು ಅದಕ್ಕೆ ಬಿಳಿಮೀನು ಅಂತಾರೆ. ಆ ಹೀರೋ ಈಗ ಅಪರೂಪ. ಕಾವೇರಿ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಡುಬ್ಬದ ಮಹಶೀರನ್ನು 2018ರಲ್ಲಿ ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ನಮ್ಮ ಗಾಳಕ್ಕೆ ಅಂಥ ಸೂಪರ್‌ಸ್ಟಾರ್‌ಗಳು ಬರೋದಿಲ್ಲ. ಜಿಲೇಬಿ, ಗೆಂಡೆ, ಅದೃಷ್ಟ ಇದ್ದರೆ ಒಂದು ಕಾಟ್ಲಾ. ಎಲ್ಲಾ ಪೋಷಕ ಪಾತ್ರಗಳೇ! ರಾಗಿ ಹಿಟ್ಟು ಬೇಯಿಸಿ, ಗಟ್ಟಿಯಾಗಿ ನಾದಿ, ನೆಲ್ಲಿಕಾಯಿ ಗಾತ್ರ ಉಂಡೆ ಮಾಡಿ ಕೊಕ್ಕೆಗೆ ಕಟ್ಟಬೇಕು. ಬೆಂಡು ನೀರ ಮೇಲೆ ನಿಂತಮೇಲೆ ಕೆಲಸ ಒಂದೇ, ಕಾಯೋದು.

ಎರಡು ಸಾವು

ಕಾಯುವಾಗ ಜಗಳ. ‘ಅಂತ’ ದೊಡ್ಡದೋ, ‘ಸಾಹಸಸಿಂಹ’ ದೊಡ್ಡದೋ? ನಲವತ್ತು ವರ್ಷದಿಂದ ತೀರ್ಪು ಆಗದ ಕೇಸು!

ಆದರೆ ಎರಡು ದಿನ ಮಾತ್ರ ನಾವು ಜಗಳ ಆಡಲಿಲ್ಲ. 2009ರ ಡಿಸೆಂಬರ್ 30. ವಿಷ್ಣು ಹುಟ್ಟಿದ ಊರಾದ ಮೈಸೂರಿನಲ್ಲೇ ಕೊನೆಯುಸಿರೆಳೆದರು. ರಾಮಾಚಾರಿ ಮನೆಯ ಮೆಟ್ಟಿಲ ಮೇಲೆ ಕೂತವನು ರಾತ್ರಿವರೆಗೂ ಏಳಲಿಲ್ಲ, ಒಂದು ಲೋಟ ಕಾಫಿ ಮುಟ್ಟಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಮಾತಾಡಲಿಲ್ಲ.

2018ರ ನವೆಂಬರ್ 24, ಅಂಬಿ ಹೋದರು. ಎರಡು ತಿಂಗಳ ಹಿಂದಷ್ಟೇ ‘ಅಂಬಿ ನಿಂಗ್ ವಯಸ್ಸಾಯ್ತೋ’ ನೋಡಿ ಇಬ್ಬರೂ ನಕ್ಕಿದ್ದೆವು. ಮರುದಿನ ಪಾರ್ಥಿವ ಶರೀರ ಮಂಡ್ಯಕ್ಕೆ ಬಂತು. ಬಾಗಿಲಲ್ಲಿ ರಾಮಾಚಾರಿ ನಿಂತಿದ್ದ. “ನಡಿಯೋ, ಮಂಡ್ಯಕ್ಕೆ ಹೋಗ್ಬರೋಣ” ಅಂದ. ಬಸ್ಸಲ್ಲಿ ಕಿಟಕಿ ಕಡೆ ಸೀಟು ನನಗೆ ಬಿಟ್ಟ. ಕಣ್ಣೊರೆಸಿಕೊಳ್ಳೋಕೆ ಮರೆ ಇರ್ಲಿ ಅಂತ.

ಬೆಂಡು ಮುಳುಗಿತು!

ಹೋದ ಸಲದ ಮಾತು. ಎರಡನೇ ದಿನ ಸಂಜೆ, ಹೊತ್ತು ಮುಳುಗುವ ಸಮಯ. ರಾಮಾಚಾರಿಗೆ ಹೃದಯದ ಆಪರೇಷನ್ ಆಗಿ ಒಂದು ವರ್ಷವಾಗಿತ್ತು. ಬೆಂಡಿನ ಮೇಲೆ ಕಣ್ಣಿಟ್ಟೇ ಹೇಳಿದ:

“ಮನೆ ಮಾರ್ಬಿಟ್ಟೆ ಕಣೋ. ಮಗಳು ಪುಣೆಗೆ ಬಾ ಅಂತಾಳೆ. ಯುಗಾದಿ ಕಳೆದ ಮೇಲೆ ಹೊರಡ್ತೀನಿ.”

ನಾನು ಸುಮ್ಮನಾದೆ. ಎರಡು ದಿನ ಜೊತೆಗಿದ್ದು ಈಗ ಹೇಳ್ತಾನಲ್ಲ ಅಂತ ಸಿಟ್ಟು.

“ಅಲ್ಲಿ ಮಾತಾಡೋಕೆ ಯಾರಿದಾರೋ ನಿಂಗೆ?”

“ಇಲ್ಲಿ ರಾತ್ರಿ ಎದೆ ನೋವು ಬಂದ್ರೆ ಎಬ್ಸೋಕೆ ಯಾರಿದಾರೋ?”

ಅದಕ್ಕೆ ನನ್ನಲ್ಲಿ ಡೈಲಾಗು ಇರಲಿಲ್ಲ. ಅವನ ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ನಮ್ಮ ಮನೆಗಳ ನಡುವೆ ಈಗ ಅರ್ಧ ಮೈಸೂರು ಇದೆ.

ಅಷ್ಟರಲ್ಲಿ ಅವನ ಬೆಂಡು ಗುಳುಂ! ದಾರ ಬಿಗಿದು ಬಿದಿರು ಬಿಲ್ಲಿನಂತೆ ಬಗ್ಗಿತು. ಎದ್ದು ಎಳೆಯೋಕೆ ಹೊರಟ. ಡಾಕ್ಟರು ಭಾರ ಎಳೀಬೇಡಿ ಅಂತ ಹೇಳಿದ್ದರು. “ಬಿಡೋ, ಕೊಡೋ ಇಲ್ಲಿ!” ಅಂದೆ. ಬಿಡಲಿಲ್ಲ ಪುಣ್ಯಾತ್ಮ! ನಾನು ಹಿಂದಿನಿಂದ ಕೈ ಹಾಕಿ ಕಡ್ಡಿ ಹಿಡಿದೆ. ಭಾರ ನನ್ನ ಕೈಗೆ, ಜಾಣತನ ಅವನದು. “ಸಡಿಲ ಬಿಡು… ಈಗ ಎಳಿ… ಬಿಡು…” ಮೀನು ಎಡಕ್ಕೆ ಓಡಿದರೆ ನಾವೂ ಎಡಕ್ಕೆ. ಕೆಸರಲ್ಲಿ ಜಾರಿ ಮಂಡಿಯೂರಿದೆವು. ದಡಕ್ಕೆ ಬಂದದ್ದು ಮೂರು ಕಿಲೋ ಮೇಲಿನ ಕಾಟ್ಲಾ! ಐವತ್ತು ವರ್ಷದ ಅನುಭವದಲ್ಲಿ ನಮ್ಮ ಅತಿದೊಡ್ಡ ಬಾಕ್ಸಾಫೀಸ್ ಹಿಟ್!

ರಾತ್ರಿ ಪರಿಚಯದವರ ತೋಟದ ಮನೆಯಲ್ಲಿ ಮುದ್ದೆ, ಹುಳಿ ಮುಂದಾದ ಮೀನು ಸಾರು. ಊಟ ಮುಗಿಸಿ ಅವನು ಗಾಳದ ದಾರ ಸುತ್ತಿ, ಕಡ್ಡಿಯನ್ನು ನನ್ನ ಕೈಗಿಟ್ಟ.

“ಇದು ನಿಮ್ಮನೇಲಿರ್ಲಿ. ಇದನ್ನ ಕೇಳೋಕಾದ್ರೂ ಫೆಬ್ರವರಿಗೆ ಬರಬೇಕಲ್ಲ!”

“ಬರದಿದ್ರೆ?”

“ಬರದಿದ್ರೆ ಅಂಬೀನೇ ದೊಡ್ಡೋನು ಅಂತ ಬರ್ಕೊಡ್ತೀನಿ, ಸಾಕಾ?”

ರಾಮಾಚಾರಿ ಬಾಯಲ್ಲಿ ಅಂಥ ಮಾತು ಬಂತು ಅಂದರೆ ಅವನು ಬಂದೇ ಬರ್ತಾನೆ ಅಂತ ನನಗೆ ಗೊತ್ತಾಯಿತು!

ತಮ್ಮಂದಿರೇ, ಒಂದು ಮಾತು…

ಈಗ ಅವನು ಪುಣೆಯಲ್ಲಿ. ಭಾನುವಾರ ಭಾನುವಾರ ಫೋನು. ಕೇಸು ಇನ್ನೂ ನಡೀತಿದೆ.

ನಾವು ಕಾಲೇಜಿಗೆ ಚಕ್ಕರ್ ಹಾಕಿ ಕ್ಯೂ ನಿಂತ ಶಾಂತಲಾ ಟಾಕೀಸು ಕೋವಿಡ್ ವರ್ಷ 2020ರಲ್ಲಿ ಬಾಗಿಲು ಹಾಕಿತು. ಮೈಸೂರಿನ ಎಚ್.ಡಿ. ಕೋಟೆ ರಸ್ತೆಯ ಹಾಲಾಳಿನಲ್ಲಿ 2023ರ ಜನವರಿ 29ರಂದು ವಿಷ್ಣು ಸ್ಮಾರಕ ಬಾಗಿಲು ತೆರೆಯಿತು. ಅದನ್ನು ನೋಡೋಕೆ ರಾಮಾಚಾರಿ ಜೊತೆ ಹೋದವನು ಈ ಅಂಬಿ ಅಭಿಮಾನಿಯೇ!

ಇವತ್ತು ನಿಮ್ಮಲ್ಲಿ ಕೆಲವರು ನಿಮ್ಮ ಹೀರೋ ಹೆಸರಲ್ಲಿ, ಮುಖ ಕಾಣದವರನ್ನು ಫೋನಿನಲ್ಲಿ ಬಾಯಿಗೆ ಬಂದಂತೆ ಬೈತೀರಂತೆ. ಜಗಳ ಆಡಿ, ಬೇಡ ಅನ್ನೋಲ್ಲ. ಆದರೆ ಪಕ್ಕದಲ್ಲಿ ಕೂತು ಆಡಿ. ಎದುರು ಪಕ್ಷದ ಗೆಳೆಯನ ಹೀರೋ ಹೋದ ದಿನ ಅವನ ಮನೆ ಮೆಟ್ಟಿಲ ಮೇಲೆ ಕೂರುವಷ್ಟು ಹತ್ತಿರದಿಂದ ಆಡಿ.

ಹಿನ್ನೀರಿಗೆ ಹೋದರೆ ದಡದಲ್ಲೇ ಇರಿ. ಮೇಲೆ ಹುಲ್ಲು ಕಂಡರೂ ಕೆಳಗೆ ಕೆಸರು, ಒಂದು ಹೆಜ್ಜೆ ಮುಂದೆ ಆಳ. ಈಜು ಬಂದರೂ ನಂಬಬೇಡಿ. ಮತ್ತೆ… ಒಬ್ಬರೇ ಹೋಗಬೇಡಿ. ದೊಡ್ಡ ಮೀನು ಸಿಕ್ಕಾಗ ಹಿಂದಿನಿಂದ ಇನ್ನೊಂದು ಜೊತೆ ಕೈ ಬೇಕಾಗುತ್ತೆ!