ನೋಂದಣಿಗೂ ಹಿಂದಿನ ಗರಗ: ಹೆಳವರ ಪುಸ್ತಕ, ಮೋಡಿ ದಫ್ತರ

ಜನನ-ಮರಣಗಳ ನೋಂದಣಿ ದೇಶದಾದ್ಯಂತ ಕಡ್ಡಾಯವಾದದ್ದು 1969ರ ಕಾಯ್ದೆಯಿಂದ. ಆದ್ದರಿಂದ ಧಾರವಾಡದ ಸಮೀಪದ ಗರಗದಂಥ ಊರಿನಲ್ಲಿ ಒಂದು ಮನೆತನದ ಏಳೆಂಟು ತಲೆಮಾರು ಹಿಂದಿನ ಹೆಸರುಗಳನ್ನು ಹುಡುಕುವವರು ಬೇರೆ ಬಗೆಯ ದಾಖಲೆಗಳನ್ನೇ ನೆಚ್ಚಬೇಕಾಗುತ್ತದೆ.

ಅವುಗಳಲ್ಲಿ ಅತ್ಯಂತ ಅಮೂಲ್ಯವಾದುದು ಹೆಳವರ ವಂಶಾವಳಿ. ಉತ್ತರ ಕರ್ನಾಟಕದಲ್ಲಿ ಎತ್ತಿನೊಡನೆ ಊರೂರು ತಿರುಗುತ್ತ ಬಂದ ಹೆಳವರು ತಮ್ಮ ಪಾಲಿನ ಒಕ್ಕಲು ಮನೆಗಳಿಗೆ ಕೆಲವು ವರ್ಷಗಳಿಗೊಮ್ಮೆ ಭೇಟಿಕೊಟ್ಟು, ಆ ಮನೆತನದ ಮೂಲಸ್ಥಳವನ್ನೂ, ಬೆಡಗನ್ನೂ, ಅಂದರೆ ಒಂದೇ ಮೂಲಪುರುಷನಿಂದ ಬಂದವರೆಂದು ನಂಬಲಾದ ಬಳಗದ ಹೆಸರನ್ನೂ, ತಲೆಮಾರುಗಳ ಸಾಲನ್ನೂ ಹೊಗಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿ, ಪ್ರತಿಯಾಗಿ ಕಾಳುಕಡಿ, ಬಟ್ಟೆ ಪಡೆಯುತ್ತಾರೆ. ಮನೆತನವು ಯಾವ ಊರು ಬಿಟ್ಟು ಬಂದಿತೆಂಬುದನ್ನು ಇಷ್ಟು ನೇರವಾಗಿ ತಿಳಿಸುವ ಆಕರ ವಿರಳ. ವರ್ಷಗಳ ಲೆಕ್ಕ ಮಾತ್ರ ಅದರಲ್ಲಿ ಸಡಿಲ.

ಆ ಕೊರತೆಯನ್ನು ವತನ ಮತ್ತು ಇನಾಮಿನ ಕಾಗದಪತ್ರಗಳು ತುಂಬುತ್ತವೆ. ವತನವೆಂದರೆ ಗೌಡಕಿ, ಕುಲಕರ್ಣಿಕೆಗಳಂಥ ವಂಶಪಾರಂಪರ್ಯದ ಅಧಿಕಾರ. ಇನಾಮೆಂದರೆ ಕಂದಾಯದ ವಿನಾಯಿತಿಯುಳ್ಳ ದತ್ತಿಭೂಮಿ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ, ವಿಶೇಷವಾಗಿ 1852ರ ಇನಾಂ ಕಾಯ್ದೆಯ ವಿಚಾರಣೆಗಳಲ್ಲಿ, ಭೂಮಿ ಉಳಿಸಿಕೊಳ್ಳಲು ಹಕ್ಕುದಾರರು ತಮ್ಮ ವಂಶಕ್ರಮವನ್ನು ಪುರಾವೆಗಳಿಂದ ಸಾಧಿಸಬೇಕಾಯಿತು. ಅದಕ್ಕೂ ಹಿಂದಿನ ಪೇಶ್ವೆ ದಫ್ತರ ಪುಣೆಯಲ್ಲಿದ್ದು, ಮರಾಠಿಯ ಕೂಡುಬರಹವಾದ ಮೋಡಿ ಲಿಪಿಯನ್ನು ಓದಬಲ್ಲವರ ನೆರವು ಅಲ್ಲಿ ಅನಿವಾರ್ಯ.

ಭೂಮಿಯಿಲ್ಲದವರೂ ಹೆಣ್ಣುಮಕ್ಕಳೂ ಈ ಕಡತಗಳಲ್ಲಿ ಬಹುಮಟ್ಟಿಗೆ ಕಾಣಸಿಗುವುದಿಲ್ಲವೆಂಬುದು ನಿಜವಾದ ನಷ್ಟ. ವಿಧವೆಯೊಬ್ಬಳು ದತ್ತಕ ಪಡೆದು ತಕರಾರು ಎದ್ದಲ್ಲಿ ಅವಳ ಹೆಸರು ದಾಖಲಾಗಿರುವ ಸಂಭವವಿರುವುದರಿಂದ, ಅಜ್ಜಿ-ಮುತ್ತಜ್ಜಿಯರನ್ನು ಅರಸುವವರು ದತ್ತಕದ ಕಡತಗಳನ್ನೇ ಮೊದಲು ತೆರೆಯುವುದು ಲೇಸು.