ಪೆಟ್ರೋಲೂ ಹಳಸುತ್ತದೆ

ಅನ್ನ ಹಳಸುವುದನ್ನು ಎಲ್ಲರೂ ಬಲ್ಲೆವು. ಪೆಟ್ರೋಲೂ ಹಳಸುತ್ತದೆ ಎಂದರೆ ನಂಬುವವರು ವಿರಳ. ಬಹುಕಾಲ ಹಳಗನ್ನಡದ ಪಾಠ ಹೇಳಿಕೊಂಡಿದ್ದ ನನಗೂ ಈ ಸಂಗತಿ ತಿಳಿದದ್ದು ನಿವೃತ್ತನಾದ ಮೇಲೆ, ಅದೂ ನಷ್ಟದ ಮೂಲಕ.

ಹುನಗುಂದದ ಸಮೀಪ ನನ್ನ ತಮ್ಮನ ದಾಳಿಂಬೆ ತೋಟವಿದೆ. ದಾಳಿಂಬೆಗೆ ದುಂಡಾಣು ಅಂಗಮಾರಿ ಎಂಬ ರೋಗವುಂಟು. ಮಳೆಯ ಹನಿಗಳೊಡನೆ ಗಿಡದಿಂದ ಗಿಡಕ್ಕೆ ಹರಡುತ್ತದೆ. ಮಳೆ ಬಿಟ್ಟ ಕೂಡಲೆ ಔಷಧಿ ಹೊಡೆಯಬೇಕು. ಒಂದು ವರ್ಷ ಅಂಥ ಬೆಳಿಗ್ಗೆಯೇ, ಬೆನ್ನಿಗೆ ಹೊರುವ ಸಿಂಪಡಣೆಯ ಯಂತ್ರ ಏನು ಮಾಡಿದರೂ ಚಾಲೂ ಆಗಲಿಲ್ಲ. ಹೊಸ ಪ್ಲಗ್ಗು ಹಾಕಿದೆವು. ನಾಲ್ಕು ಸಲ ಕೆಮ್ಮಿ ನಿಂತಿತು. ಮತ್ತೊಂದು ಹಾಕಿದೆವು, ಅದೂ ಕಪ್ಪಾಯಿತು. ಮೂರನೆಯ ದಿನ ಇಳಕಲ್ಲಿಗೆ ಒಯ್ದೆವು. ಅಲ್ಲಿಯ ಮೆಕ್ಯಾನಿಕ್ ಟಾಕಿಯ ಮುಚ್ಚಳ ತೆಗೆದು ಮೂಸಿ ನೋಡಿ, "ಗುರುಗಳ, ಪ್ಲಗ್ಗಿಗೆ ಯಾಕ ಬೈತೀರಿ? ಪೆಟ್ರೋಲ್ ಹಳಸೇತ್ರಿ" ಎಂದ. ಅಷ್ಟರಲ್ಲಿ ತೋಟದ ಒಂದು ಬದಿಯ ಕಾಯಿಗಳ ಮೇಲೆ ಕರಿಯ ಚುಕ್ಕೆಗಳು ಮೂಡಿದ್ದವು.

ಆ ಮಾತಿನ ಅರ್ಥವಾಗಬೇಕಾದರೆ ಟೂಸ್ಟ್ರೋಕ್ ಎಂಜಿನ್ನಿನ ಸ್ವಭಾವವನ್ನು ಅರಿಯಬೇಕು. ಮೈಸೂರಿನಲ್ಲಿ 1961ರಿಂದ 1996ರ ವರೆಗೆ ತಯಾರಾದ ಜಾವಾ, ಯೆಜ್ದಿ ಮೋಟಾರು ಸೈಕಲ್ಲುಗಳದ್ದೂ ಇದೇ ಜಾತಿ. ಆಲಮಟ್ಟಿಯ ಹಿನ್ನೀರಿಗೆ ಸಂದುಹೋದ ಬಾಗಲಕೋಟೆಯ ಓಣಿಗಳಲ್ಲಿ ಅವುಗಳ ಸದ್ದನ್ನು ಕೇಳಿದವರು ಇನ್ನೂ ಇದ್ದಾರೆ. ಇದರಲ್ಲಿ ಪಿಸ್ಟನ್ನಿಗೆ ಜಿಡ್ಡು ಒದಗಿಸುವ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುತ್ತಾರೆ. ತನ್ನ ಕೆಲಸ ಮುಗಿಸಿದ ಎಣ್ಣೆ ಪೆಟ್ರೋಲಿನೊಡನೆ ಉರಿದುಹೋಗಬೇಕು. ಕಿಡಿ ಹೊತ್ತಿಸುವ ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಕಾಯ್ದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ.

ಪೆಟ್ರೋಲು ಒಂದೇ ದ್ರವವಲ್ಲ. ಹಗುರವೂ ಭಾರವೂ ಆದ ಅನೇಕ ದ್ರವಗಳ ಮಿಶ್ರಣ. ತಣ್ಣಗಿನ ಎಂಜಿನ್ನು ಹೊತ್ತಿಕೊಳ್ಳುವುದು ಹಗುರವಾದವುಗಳಿಂದ. ಬಾದಾಮಿಯ ಬಂಡೆಗಳು ಕಾಯುವಂಥ ನಮ್ಮ ಬೇಸಿಗೆಯಲ್ಲಿ, ತಗಡಿನ ಶೆಡ್ಡಿನೊಳಗೆ ಮುಚ್ಚಳ ಸಡಿಲವಾದ ಕ್ಯಾನಿನಿಂದ ಮೊದಲು ಹಾರಿಹೋಗುವವೂ ಅವೇ. ಎಣ್ಣೆಯಾದರೋ ಹಾರುವುದಿಲ್ಲ. ಆದ್ದರಿಂದ ಉಳಿದ ಮಿಶ್ರಣದಲ್ಲಿ ಎಣ್ಣೆಯ ಪಾಲು ಹೆಚ್ಚುತ್ತದೆ. ಅರೆಬರೆ ಉರಿದ ಎಣ್ಣೆ ಪ್ಲಗ್ಗನ್ನು ತೋಯಿಸುತ್ತದೆ. ಅದರ ಬಿಳಿಯ ಪಿಂಗಾಣಿಯ ಮೇಲೆ ಮಸಿ ಕಟ್ಟುತ್ತದೆ. ವಿದ್ಯುತ್ತು ಕಿಡಿಯಾಗಿ ಜಿಗಿಯುವ ಬದಲು ಮಸಿಯ ಹಾದಿಯಲ್ಲಿ ಸೋರಿಹೋಗುತ್ತದೆ.

ಇನ್ನೊಂದು ಕೇಡೂ ಉಂಟು. ಗಾಳಿ ಸೋಂಕಿದ ಪೆಟ್ರೋಲು ಕ್ರಮೇಣ ಅಂಟಾಗಿ ಕಾರ್ಬುರೇಟರಿನ ಸೂಕ್ಷ್ಮ ರಂಧ್ರವನ್ನು ಕಟ್ಟುತ್ತದೆ. ಆಗ ಇಂಧನ ಸಾಲದೆ ಎಂಜಿನ್ನು ಅತಿಯಾಗಿ ಕಾಯ್ದು ಪ್ಲಗ್ಗು ಬೆಳ್ಳಗಾಗುತ್ತದೆ. ತಿಳಿಗಂದು ಬಣ್ಣ ಆರೋಗ್ಯದ ಗುರುತು. ಒದ್ದೆ ಕಪ್ಪು, ಸುಣ್ಣದ ಬಿಳುಪು ಎರಡೂ ರೋಗದವು.

ಈಗ ಎಥೆನಾಲಿನ ಮಾತೂ ಸೇರಿದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ನಮ್ಮ ಮುಧೋಳ, ಜಮಖಂಡಿಗಳ ಹೊಲಗಳಲ್ಲಿ ಬೆಳೆಯುವ ಕಬ್ಬು ಎಥೆನಾಲಿನ ಮೂಲಗಳಲ್ಲೊಂದು. ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದರೆ ನೀರೂ ಎಥೆನಾಲೂ ಕೂಡಿ ತಳಕ್ಕೆ ಇಳಿಯುತ್ತವೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ನಳಿಕೆ ಎಳೆಯುವುದು ತಳದ್ದನ್ನು. ಪ್ಲಗ್ಗು ಕಿಡಿ ಕೊಟ್ಟರೂ ಅದು ಸರಿಯಾಗಿ ಹೊತ್ತದು. ಹೊತ್ತಿ ಓಡಿದರೆ ಜಿಡ್ಡಿಲ್ಲದೆ ಪಿಸ್ಟನ್ನೇ ಹಿಡಿದುಕೊಂಡೀತು.

ಪರಿಹಾರ ಸುಲಭ. ತಿಂಗಳೊಳಗೆ ಮುಗಿಯುವಷ್ಟೇ ಬೆರೆಸಬೇಕು. ಬಿಗಿ ಮುಚ್ಚಳದ, ಪೆಟ್ರೋಲಿಗೆಂದೇ ಮಾಡಿದ ಡಬ್ಬಿಯಲ್ಲಿ, ನೆರಳಿನಲ್ಲಿ, ಅಡಿಗೆಮನೆಗೂ ದೀಪಕ್ಕೂ ದೂರದಲ್ಲಿ ಇಡಬೇಕು. ತುಂಬುವ ಮುನ್ನ ಅಲುಗಾಡಿಸಬೇಕು. ಹಂಗಾಮು ಮುಗಿದ ಮೇಲೆ ಟಾಕಿಯನ್ನು ಬರಿದುಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವ ತನಕ ಎಂಜಿನ್ನನ್ನು ಓಡಿಸಬೇಕು.

ತಮ್ಮನ ಡಬ್ಬಿಯ ಮೇಲೆ ಈಗ ಬೆರೆಸಿದ ದಿನಾಂಕವನ್ನು ಸುಣ್ಣದಲ್ಲಿ ಬರೆದಿರುತ್ತದೆ. ಅಕ್ಷರ ನನ್ನದು.