ಚಂದಾಪುರದ ಕೆರೆ ಮತ್ತು ನಾವು ಕೊಳ್ಳುವ ವಸ್ತು: ಪೂರೈಕೆದಾರರ ಜೊತೆ ಸೇರಿ ಮಾಡಬೇಕಾದ ಕೆಲಸ

ಬೆಂಗಳೂರಿನಿಂದ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರ ದಾಟಿದರೆ ಸಿಗುವ ಊರು ಚಂದಾಪುರ. ಆನೇಕಲ್ ರಸ್ತೆ ಕವಲೊಡೆಯುವುದು ಇಲ್ಲಿಂದಲೇ. ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿ ಹೋದ ಅನೇಕ ಯುವಜನರು ಈ ಭಾಗದ ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರು ಹೇಳುವ ಮಾತುಗಳಲ್ಲಿ ಟ್ರಾಫಿಕ್, ಟ್ಯಾಂಕರ್ ನೀರು ಮತ್ತು ಕೆರೆಯ ವಾಸನೆ ಇದ್ದೇ ಇರುತ್ತದೆ.

ಚಂದಾಪುರ ಕೆರೆಗೆ ಮನೆಗಳ ಒಳಚರಂಡಿ ನೀರೂ ಕೈಗಾರಿಕೆಗಳ ತ್ಯಾಜ್ಯವೂ ಸೇರಿ ಅದು ಕೆಟ್ಟುಹೋದ ವಿಷಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಮಾಧ್ಯಮ ವರದಿಯ ಆಧಾರದಲ್ಲಿ ತಾನಾಗಿಯೇ ಕೈಗೆತ್ತಿಕೊಂಡಿತ್ತು. 2022ರ ಅಕ್ಟೋಬರಿನಲ್ಲಿ, ಕೆರೆಯನ್ನು ಕಾಪಾಡದ ಕಾರಣಕ್ಕೆ ರಾಜ್ಯ ಸರ್ಕಾರವು 500 ಕೋಟಿ ರೂಪಾಯಿ ಪರಿಹಾರ ತೆರಬೇಕೆಂದು ಮಂಡಳಿ ಆದೇಶಿಸಿತು. ಒಂದು ತಾಲೂಕಿನ ಕೆರೆಗೆ ಇದು ಸಣ್ಣ ಮೊತ್ತವಲ್ಲ.

ಇಂಥ ಸುದ್ದಿ ಓದಿದಾಗ ‘ಕಂಪೆನಿಗಳು ಹಾಳು ಮಾಡಿದವು’ ಎನ್ನುತ್ತೇವೆ. ಆದರೆ ಯಾವ ಕಂಪೆನಿ? ದೊಡ್ಡ ಕಂಪೆನಿಯ ಆವರಣಕ್ಕೆ ಹೋದರೆ ಹೂದೋಟ, ನೀರು ಶುದ್ಧೀಕರಣ ಘಟಕ, ಗೋಡೆಯಲ್ಲಿ ಪರಿಸರ ಪ್ರಮಾಣಪತ್ರ ಎಲ್ಲವೂ ಇರುತ್ತದೆ. ಅದರ ವಸ್ತುವಿಗೆ ಬೇಕಾದ ಬೋಲ್ಟು, ಬ್ರಾಕೆಟ್ಟು, ವೈರು, ರಟ್ಟಿನ ಪೆಟ್ಟಿಗೆ ಬರುವುದು ಮಾತ್ರ ಬೇರೆ ಬೇರೆ ಸಣ್ಣ ಶೆಡ್ಡುಗಳಿಂದ. ಒಂದು ವಸ್ತುವಿನಿಂದ ಪರಿಸರಕ್ಕಾಗುವ ಹಾನಿಯ ಬಹುಭಾಗ ಅನೇಕ ವೇಳೆ ಈ ಪೂರೈಕೆದಾರರ ಹಂತದಲ್ಲಿಯೇ ಆಗಿರುತ್ತದೆ. ಆದ್ದರಿಂದ ತನ್ನ ಗೇಟಿನ ಒಳಗೆ ಮಾತ್ರ ಗುಡಿಸಿದರೆ ಸಾಲದು.

ಇದಕ್ಕೆ ಪ್ರಪಂಚದಲ್ಲಿ ಹೆಚ್ಚಾಗಿ ಉದಾಹರಿಸಲಾಗುವ ಘಟನೆ 2001ರದ್ದು. ಜಪಾನಿನ ಸೋನಿ ಕಂಪೆನಿಯ ಸುಮಾರು 13 ಲಕ್ಷ ಆಟದ ಯಂತ್ರಗಳನ್ನು ನೆದರ್‌ಲ್ಯಾಂಡ್ಸ್ ದೇಶದ ಅಧಿಕಾರಿಗಳು ಕ್ರಿಸ್ಮಸ್ ಮಾರಾಟದ ಮುಂಚೆಯೇ ತಡೆಹಿಡಿದರು. ಯಂತ್ರದ ಕೇಬಲಿನಲ್ಲಿ ಮಿತಿಮೀರಿದ ಕ್ಯಾಡ್ಮಿಯಂ ಎಂಬ ವಿಷಲೋಹ ಇತ್ತು. ಯಂತ್ರ ಸೋನಿಯದು, ಕೇಬಲು ಪೂರೈಕೆದಾರರದು. ಹೆಸರು ಕೆಟ್ಟದ್ದು ಸೋನಿಯದು. ಮರುವರ್ಷವೇ ಆ ಕಂಪೆನಿ ತನ್ನ ಪೂರೈಕೆದಾರರನ್ನು ಪರಿಶೀಲಿಸಿ, ಅರ್ಹರಾದವರಿಂದ ಮಾತ್ರ ಖರೀದಿಸುವ ಕ್ರಮವನ್ನು ಜಾರಿಗೆ ತಂದಿತು. 2006ರ ಜುಲೈ 1ರಿಂದ ಯುರೋಪು ವಿದ್ಯುನ್ಮಾನ ವಸ್ತುಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದವನ್ನು ನಿರ್ಬಂಧಿಸಿದಾಗ ಅದರ ಬಿಸಿ ಭಾರತದಿಂದ ರಫ್ತು ಮಾಡುವವರಿಗೂ ತಟ್ಟಿತು. ಬೆಸುಗೆ ಹಾಕುವ ಸೀಸದ ತಂತಿಯೇ ಬದಲಾಗಬೇಕಾಯಿತು.

ಪೂರೈಕೆದಾರರ ಜೊತೆ ಸೇರಿ ಕೆಲಸ ಮಾಡುವುದೆಂದರೆ ಏನು? ಪ್ಲೇಟಿಂಗ್, ಅಂದರೆ ಲೋಹಲೇಪನದ ಕೆಲಸವನ್ನು ನೋಡೋಣ. ಕಬ್ಬಿಣದ ಬೋಲ್ಟಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟು, ಬಳಿಕ ಕ್ರೋಮಿಯಂ ದ್ರಾವಣದಲ್ಲಿ ಅದ್ದುತ್ತಾರೆ. ಹಳೆಯ ಬೋಲ್ಟುಗಳ ಮೇಲೆ ಕಾಣುವ ಹೊನ್ನಿನಂಥ ಹಳದಿ ಬಣ್ಣ ಹೆಚ್ಚಾಗಿ ಷಡ್ವೇಲೆನ್ಸಿ ಕ್ರೋಮಿಯಂನದು. ಅದು ಕ್ಯಾನ್ಸರ್ ತರುವಂಥದ್ದು. ತೊಳೆದ ನೀರು ಸಂಸ್ಕರಣೆಯಾಗದೆ ಮೋರಿಗೆ ಹೋದರೆ ಕೆರೆಯನ್ನು ಸೇರುತ್ತದೆ. ಇದಕ್ಕಿಂತ ಎಷ್ಟೋ ಕಡಿಮೆ ಅಪಾಯದ ತ್ರಿವೇಲೆನ್ಸಿ ಕ್ರೋಮಿಯಂ ಇದೆ. ಅದು ಸಾಮಾನ್ಯವಾಗಿ ನೀಲಿಛಾಯೆಯ ಬೆಳ್ಳಿ ಬಣ್ಣ ಕೊಡುತ್ತದೆ. ಹಾಗಾದರೆ ಶೆಡ್ಡಿನವನು ಬದಲಾಯಿಸಬಹುದಲ್ಲವೇ? ಆಗುವುದಿಲ್ಲ. ಕಂಪೆನಿ ಕೊಟ್ಟ ಡ್ರಾಯಿಂಗಿನಲ್ಲಿ ‘ಹಳದಿ’ ಎಂದು ಬರೆದಿದ್ದರೆ ಬೆಳ್ಳಿ ಬಣ್ಣದ ಬೋಲ್ಟು ತಿರಸ್ಕೃತವಾಗುತ್ತದೆ. ಅವನ ಕೈಯಲ್ಲಿರುವುದು ತೊಟ್ಟಿ ಮಾತ್ರ, ನಿರ್ಧಾರ ಖರೀದಿಸುವವನ ಕೈಯಲ್ಲಿದೆ. ಯುರೋಪು ತನ್ನ ವಾಹನ ನಿಯಮದಡಿ 2007ರ ಜುಲೈಯಿಂದ ಇಂಥ ಲೇಪಕ್ಕೆ ಷಡ್ವೇಲೆನ್ಸಿ ಕ್ರೋಮಿಯಂ ನಿಷೇಧಿಸಿದಾಗ ವಾಹನ ಕಂಪೆನಿಗಳು ಡ್ರಾಯಿಂಗು ತಿದ್ದಿದವು. ತೊಟ್ಟಿಯ ದ್ರಾವಣ ಬದಲಾದದ್ದು ಆ ಮೇಲೆ.

ನೀರಿನ ಕಥೆಯೂ ಹೀಗೆಯೇ. ಲೇಪವಾದ ತುಂಡನ್ನು ತೊಟ್ಟಿಯ ಮೇಲೆಯೇ ಕೆಲವು ಕ್ಷಣ ಹೆಚ್ಚು ಹಿಡಿದರೆ ರಾಸಾಯನಿಕ ಹನಿಹನಿಯಾಗಿ ಹಿಂದಕ್ಕೇ ಬೀಳುತ್ತದೆ. ತೊಳೆಯುವ ನೀರಿಗೆ ಹೋಗುವ ವಿಷ ಅಷ್ಟು ಕಡಿಮೆ. ಒಂದೇ ತೊಟ್ಟಿಯಲ್ಲಿ ನೀರು ಹರಿಸುತ್ತಲೇ ತೊಳೆಯುವ ಬದಲು ಎರಡು ಮೂರು ತೊಟ್ಟಿಗಳನ್ನು ಸಾಲಾಗಿ ಇಟ್ಟು, ತುಂಡು ಮುಂದಕ್ಕೆ ಹೋದಂತೆ ನೀರನ್ನು ಹಿಂದಕ್ಕೆ ಹರಿಸುವ ಕ್ರಮವಿದೆ. ಕೊನೆಯ ತೊಟ್ಟಿಗೆ ಮಾತ್ರ ಹೊಸ ನೀರು. ಅದೇ ನೀರು ಹಿಂದಿನ ತೊಟ್ಟಿಗಳಲ್ಲಿ ಮತ್ತೆ ಬಳಕೆಯಾಗುತ್ತದೆ. ನೀರಿನ ಖರ್ಚು ಹಲವು ಪಟ್ಟು ಇಳಿಯುತ್ತದೆ. ನಮ್ಮ ತಾಯಂದಿರು ಬಟ್ಟೆ ಹಿಂಡಿದ ಕೊನೆಯ ನೀರಿನಲ್ಲಿ ಮುಂದಿನ ಬಟ್ಟೆಯ ಸಾಬೂನು ತೆಗೆಯುತ್ತಿದ್ದರಲ್ಲ, ಅದೇ ಲೆಕ್ಕ. ಟ್ಯಾಂಕರಿಗೆ ಹಣ ಕೊಡುವ ಶೆಡ್ಡಿಗೆ ಇದರಲ್ಲಿ ಲಾಭವೂ ಇದೆ. ಆದರೆ ಹೊಸ ತೊಟ್ಟಿಗೆ ಜಾಗ ಬೇಕು, ಬಂಡವಾಳ ಬೇಕು, ಗಂಟೆಗೆ ಇಷ್ಟೇ ತುಂಡು ಕೊಡು ಎಂಬ ಒತ್ತಡ ಸ್ವಲ್ಪ ಸಡಿಲವಾಗಬೇಕು.

ಇಲ್ಲಿಯೇ ನ್ಯಾಯದ ಪ್ರಶ್ನೆ ಏಳುತ್ತದೆ. ಒಂದು ಕೈಯಲ್ಲಿ ಪರಿಸರದ ಪ್ರಶ್ನಾವಳಿ ಕಳುಹಿಸಿ, ಇನ್ನೊಂದು ಕೈಯಲ್ಲಿ ‘ಈ ವರ್ಷ ಬೆಲೆ ಇಳಿಸಿ’ ಎಂಬ ಪತ್ರ ಕಳುಹಿಸುವ ಕಂಪೆನಿಯು ಪೂರೈಕೆದಾರನಿಗೆ ಸುಳ್ಳು ಬರೆಯಲು ಕಲಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯಿದೆಯೇ ಹೇಳುತ್ತದೆ. ಬಿಲ್ಲಿನ ಹಣ ತಿಂಗಳುಗಟ್ಟಲೆ ಬಾರದಿದ್ದರೆ ಆ ಶೆಡ್ಡಿನವನು ಮೊದಲು ನಿಲ್ಲಿಸುವುದು ನೀರು ಶುದ್ಧೀಕರಣದ ಪಂಪನ್ನು. ಎರಡು ಮೂರು ವರ್ಷದ ಆರ್ಡರಿನ ಭರವಸೆ, ಸಕಾಲದ ಪಾವತಿ, ಕಂಪೆನಿಯ ಇಂಜಿನಿಯರ್ ಒಬ್ಬರು ಹೋಗಿ ಒಂದು ದಿನ ತೊಟ್ಟಿಯ ಪಕ್ಕದಲ್ಲಿ ನಿಲ್ಲುವುದು – ಇವು ಪ್ರಮಾಣಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಸರ್ಕಾರದ ಕಡೆಯಿಂದಲೂ ಒತ್ತಡವಿದೆ. ಷೇರುಪೇಟೆಯ ಮೊದಲ 1000 ಕಂಪೆನಿಗಳು 2022-23ರಿಂದ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡುವುದನ್ನು ಸೆಬಿ ಕಡ್ಡಾಯ ಮಾಡಿದೆ. ದೊಡ್ಡ ಕಂಪೆನಿಗಳು ಪೂರೈಕೆದಾರರ ವಿವರವನ್ನೂ ನೀಡಬೇಕೆಂದು 2023ರಲ್ಲಿ ಹೇಳಿ, 2025ರಲ್ಲಿ ಅದನ್ನು ಐಚ್ಛಿಕ ಮಾಡಲಾಯಿತು.

ಧರ್ಮಸಭೆಗೆ ಇದರಲ್ಲೇನು ಪಾತ್ರ ಎಂದು ಕೇಳುವವರಿದ್ದಾರೆ. ಕೊಳ್ಳುವುದು ಕೇವಲ ಹಣದ ವ್ಯವಹಾರವಲ್ಲ, ನೈತಿಕ ಕಾರ್ಯವೂ ಹೌದೆಂದು ಪೋಪ್ ಹದಿನಾರನೇ ಬೆನೆಡಿಕ್ಟರು 2009ರ ವಿಶ್ವಪತ್ರದಲ್ಲಿ ತಿಳಿಸಿದ್ದರು. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಅದನ್ನೇ ನೆನಪಿಸಿದರು. ನಮ್ಮ ಧರ್ಮಕೇಂದ್ರವೂ ಖರೀದಿದಾರನೇ. ವಾರ್ಷಿಕ ಹಬ್ಬದ ಊಟ, ಯುವ ಸಮಾವೇಶದ ಟೀ ಶರ್ಟು, ಮೇಣದ ಬತ್ತಿ, ಶಾಲೆಯ ಪೀಠೋಪಕರಣ – ಇವೆಲ್ಲಕ್ಕೂ ಪೂರೈಕೆದಾರರಿದ್ದಾರೆ. ಫ್ಲೆಕ್ಸ್ ಬ್ಯಾನರು, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ರಾಜ್ಯದಲ್ಲಿ 2016ರ ಮಾರ್ಚಿನಲ್ಲಿಯೇ ನಿಷೇಧಿಸಲಾಗಿದೆ. ಆದರೂ ಚರ್ಚ್ ಗೇಟಿನಲ್ಲಿ ಫ್ಲೆಕ್ಸ್ ಕಂಡರೆ ಮುದ್ರಿಸಿದವನನ್ನು ಮಾತ್ರ ದೂರುವಂತಿಲ್ಲ, ಆರ್ಡರು ಕೊಟ್ಟವರು ನಾವು.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲವೆಂದು ಆಚರಿಸುತ್ತೇವೆ. ಮೊಂತಿ ಹಬ್ಬವೂ ಅದರೊಳಗೇ ಬರುತ್ತದೆ. ಪಾಲನಾ ಮಂಡಳಿಯವರು ಈ ಬಾರಿ ಕೊಟೇಶನ್ ಕೇಳುವ ಪತ್ರದಲ್ಲಿ ಮೂರು ಸಾಲು ಸೇರಿಸಿ ನೋಡಬಹುದು: ತಟ್ಟೆ ಲೋಟ ತೊಳೆದು ಮತ್ತೆ ಬಳಸುವಂಥದ್ದೇ, ಉಳಿದ ಅನ್ನ ಮತ್ತು ಕಸ ಎಲ್ಲಿಗೆ ಹೋಗುತ್ತದೆ, ಇದಕ್ಕಾಗಿ ನಿಮಗೆ ಹೆಚ್ಚಿಗೆ ಎಷ್ಟು ಖರ್ಚಾಗುತ್ತದೆ. ಮೂರನೆಯ ಪ್ರಶ್ನೆಯನ್ನು ಬಿಡಬಾರದು. ಊಟದ ಬಿಲ್ಲನ್ನು ಹಬ್ಬ ಮುಗಿದ ವಾರದಲ್ಲೇ ತೀರಿಸುವುದಾಗಿ ಅದೇ ಪತ್ರದಲ್ಲಿ ಬರೆದುಕೊಟ್ಟರೆ ಕ್ಯಾಟರಿಂಗಿನವರು ಮಾತಿಗೆ ಕುಳಿತುಕೊಳ್ಳುತ್ತಾರೆ.